ವುಡ್‌ಚಕ್ ಎಂಬ ಪ್ರಾಣಿಯ ಆಹಾರ-ವಿಹಾರಗಳು

ನಾವು ಪಾಠಶಾಲೆಯಲ್ಲಿ ಕೆಲಸಮಾಡುತ್ತಿದ್ದ ಕಾಲದ ಮಾತು. ಒಂದು ದಿನ ಹುಡುಗನೊಬ್ಬನು, ನಮ್ಮಲ್ಲಿ ತರೀಕೆರೆಯ ಕುರಿಮರಿಗಳ ಮಾತು ಇರುವಂತೆ ಇಂಗ್ಲಿಷಿನಲ್ಲಿ ಪ್ರಸಿದ್ಧವಾಗಿರುವ, ನಾಲಗೆಯನ್ನು ತೊಡರಿಸುವ ವಾಕ್ಯವೊಂದನ್ನು ತಡವರಿಸದೆ ಒಪ್ಪಿಸಿದನು. ವುಡ್‌ಚಕ್ ಎಂಬ ಪ್ರಾಣಿಗೂ ಮರಕ್ಕೂ ಗಂಟುಹಾಕಿದ ಶಬ್ದಚಮತ್ಕಾರವದು. ಒಪ್ಪಿಸಿದ ಮೇಲೆ ಆತನು, "ಮೇಷ್ಟ್ರೇ, ಆ ಪ್ರಾಣಿ ಏನು ತಿನ್ನುತ್ತದೆ?" ಎಂದು ಕೇಳಿದನು. ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವುದಕ್ಕೆ ನಾಚಿ, "ಹೆಸರಿನಲ್ಲಿಯೇ ಇದೆಯಲ್ಲ! ಮರವನ್ನೇ ತಿನ್ನುತ್ತದೆ, ಕುಳಿತುಕೊ" ಎಂದುಬಿಟ್ಟೆವು. ಬಾಲಕನು ನಂಬಿ ಕುಳಿತುಕೊಂಡನು.

ಆ ಉತ್ತರವು ತಪ್ಪು. ವಿಶ್ರಾಂತಿಯ ಈ ದಿನಗಳಲ್ಲಿ ಆ ಜಂತುವಿನ ವಿಷಯವನ್ನು ಓದಿ ನೋಡಿದಾಗ, ತಪ್ಪೆಂಬುದು ಮಾತ್ರವಲ್ಲ, ಎಂತಹ ಸ್ವಾರಸ್ಯವಾದ ವಿಷಯವನ್ನು ಒಂದು ಗದರಿಕೆಯಿಂದ ಮುಚ್ಚಿಹಾಕಿದೆವೆಂಬುದೂ ತಿಳಿದುಬಂದಿತು. ಆ ಬಾಲಕನಿಗೆ ಅಂದು ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇವೆ. ಮನೆಯ ಮಕ್ಕಳಿಗೆ ಓದಿ ಹೇಳುವುದಕ್ಕೂ ಇದು ಒದಗಬಹುದು.

ಮೊದಲು ಹೆಸರಿನ ಮಾತು. ಅವಯವಗಳನ್ನು ಬಿಡಿಸಿ ಅರ್ಥಮಾಡಿದ ಮಾತ್ರಕ್ಕೆ ಪದದ ಅರ್ಥವು ದೊರೆಯುವುದಿಲ್ಲವೆಂದು ನಮ್ಮ ಶಾಸ್ತ್ರಕಾರರು ಬಹುಕಾಲದ ಹಿಂದೆಯೇ ಎಚ್ಚರಿಸಿರುವರು. 'ಕುಶಲ'ನೆಂದರೆ ಅವಯವಾರ್ಥದಲ್ಲಿ ದರ್ಭೆಯನ್ನು ತರುವವನು. ಆದರೆ ಇಂದು ಕುಶಲನೆನಿಸಿಕೊಳ್ಳುವವನು ದರ್ಭೆಯನ್ನು ಕಂಡೇ ಇರಬೇಕಾಗಿಲ್ಲ. ವುಡ್‌ಚಕ್ ಎಂಬ ಮಾತಿನಲ್ಲಿಯಾದರೋ ಮರದ ಸಂಬಂಧವೇ ಇಲ್ಲ. ಉತ್ತರ ಅಮೆರಿಕಾದ ಮೂಲನಿವಾಸಿಗಳ ಅಲ್ಗೊಂಕಿಯನ್ ವರ್ಗದ ಭಾಷೆಗಳಲ್ಲಿದ್ದ ಒಂದು ಪ್ರಾಣಿನಾಮವು ಅಲ್ಲಿಗೆ ವಲಸೆ ಹೋದ ಆಂಗ್ಲರ ಕಿವಿಗೆ ಬಿದ್ದು, ಅವರಿಗೆ ಪರಿಚಿತವಾದ ಎರಡು ಮಾತುಗಳ ರೂಪವನ್ನು ತಾಳಿತು. ಅದೇ ದೇಶದಲ್ಲಿ ಇದಕ್ಕೆ ಗ್ರೌಂಡ್‌ಹಾಗ್, ಅಂದರೆ ನೆಲದ ಹಂದಿ, ಎಂಬ ಹೆಸರೂ ಉಂಟು. ಇದು ಹಂದಿಯೂ ಅಲ್ಲ. ಹೀಗೆ ಎರಡು ಹೆಸರುಗಳಿದ್ದೂ ಎರಡೂ ದಾರಿತಪ್ಪಿಸುವ ಪ್ರಾಣಿಯಿದು.

ಹಾಗಾದರೆ ಇದು ಯಾವ ಕುಲದ್ದು? ನಮ್ಮ ಮನೆಯಂಗಳದ ಅಳಿಲಿನ ಕುಲದ್ದು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು ೧೭೫೮ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣವನ್ನು ಮಾಡಿದನು. ಇಂದು ಇದರ ಹೆಸರು ಮಾರ್ಮೋಟಾ ಮೊನಾಕ್ಸ್. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿಯೂ, ಕೆನಡಾದ ಉದ್ದಕ್ಕೂ, ಅಲಾಸ್ಕದವರೆಗೂ ಇದು ಹರಡಿಕೊಂಡಿದೆ. ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು ಎರಡಡಿ ಉದ್ದ. ತೂಕ ೨ರಿಂದ ೬ ಕಿಲೋಗ್ರಾಂ. ಕಂದುಬಣ್ಣದ ಒರಟು ತುಪ್ಪಳ, ಗಿಡ್ಡಕಾಲು, ಬಲವಾದ ಉಗುರು, ಚಿಕ್ಕ ಕಿವಿ, ಪೊದೆಯಂತಹ ಮೋಟು ಬಾಲ. ಅಳಿಲಿನ ಚಾಂಚಲ್ಯ ಇದಕ್ಕಿಲ್ಲ. ಉಂಡು ತೃಪ್ತನಾದ ಗೃಹಸ್ಥನ ಗಾಂಭೀರ್ಯವಿದೆ.

ಈ ಮಾರ್ಮೋಟ್ ಬಳಗವು ನಮ್ಮ ದೇಶಕ್ಕೂ ಅಪರಿಚಿತವಲ್ಲ. ಲಡಾಖಿನ ಎತ್ತರದ ಬಯಲುಗಳಲ್ಲಿ ಇದರ ದಾಯಾದಿಯಾದ ಹಿಮಾಲಯದ ಮಾರ್ಮೋಟ್ ಬಿಲ ತೋಡಿಕೊಂಡು ಬಾಳುತ್ತದೆ. ಮಹಾಭಾರತದ ಸಭಾಪರ್ವದಲ್ಲಿ, ಯುಧಿಷ್ಠಿರನಿಗೆ ಬಂದ ಕಪ್ಪಕಾಣಿಕೆಗಳನ್ನು ದುರ್ಯೋಧನನು ಹೊಟ್ಟೆಯುರಿಯಿಂದ ಎಣಿಸುವಾಗ, ಉತ್ತರದ ಗುಡ್ಡಗಾಡಿನ ಜನರು ತಂದ 'ಪಿಪೀಲಿಕ'ವೆಂಬ ಚಿನ್ನವನ್ನು ಹೇಳುತ್ತಾನೆ. ಇರುವೆಗಳು ತೋಡಿ ತೆಗೆದ ಚಿನ್ನವಾದುದರಿಂದ ಆ ಹೆಸರು. ಗ್ರೀಕರ ಹಿರೋಡೋಟಸನೂ ಭಾರತದ ಎಲ್ಲೆಯಲ್ಲಿ ನರಿಗಿಂತ ದೊಡ್ಡದಾದ, ಚಿನ್ನ ತೋಡುವ ಇರುವೆಗಳನ್ನು ವರ್ಣಿಸಿದ್ದಾನೆ. ಆ 'ಇರುವೆ'ಗಳು ಹಿಮಾಲಯದ ಮಾರ್ಮೋಟುಗಳೇ ಆಗಿರಬೇಕು, ಅವು ಬಿಲದಿಂದ ಹೊರಕ್ಕೆ ಎಸೆದ ಮಣ್ಣಿನಲ್ಲಿ ಚಿನ್ನದ ಪುಡಿಯು ದೊರೆಯುತ್ತಿದ್ದಿರಬೇಕು ಎಂದು ಮಿಷೆಲ್ ಪೆಸ್ಸೆಲ್ ಎಂಬ ಫ್ರೆಂಚ್ ಪರ್ಯಟಕರು ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಊಹಿಸಿದರು. ಊಹೆಯು ನಿಜವಿರಲಿ, ಇಲ್ಲದಿರಲಿ. ಮಣ್ಣನ್ನು ತೋಡಿ ಹೊರಹಾಕುವುದು ಈ ಬಳಗದ ಕುಲಧರ್ಮವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಅಮೆರಿಕಾದ ನಮ್ಮ ವುಡ್‌ಚಕ್ಕಿಗೆ ಹಿಂದಿರುಗಿ, ಬಾಲಕನು ಕೇಳಿದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಅದರ ಊಟವು ಋತುಮಾನವನ್ನು ಅನುಸರಿಸಿ ನಡೆಯುತ್ತದೆ. ವಸಂತದ ಆದಿಯಲ್ಲಿ, ಹಿಮವು ಇನ್ನೂ ಪೂರ್ತಿ ಕರಗದೆ ಹುಲ್ಲು ಚಿಗುರದೆ ಇರುವಾಗ, ಹಸಿದು ಹೊರಬಂದ ಜಂತುವು ಎಳೆಯ ಮರಗಳ ತೊಗಟೆ, ಮೊಗ್ಗು, ಚಿಗುರುಕಡ್ಡಿಗಳನ್ನು ಕಡಿದು ಕಾಲ ನೂಕುತ್ತದೆ. ನಮ್ಮ ಅಂದಿನ ಉತ್ತರದಲ್ಲಿ ಸತ್ಯಾಂಶವೇನಾದರೂ ಇದ್ದರೆ ಇಷ್ಟೇ. ಹಸುರು ಮೂಡಿದೊಡನೆ ಮರದ ಕಡೆಗೆ ಬೆನ್ನು. ಹುಲ್ಲು, ಕ್ಲೋವರ್ ಎಂಬ ಮೂರೆಲೆಯ ಮೇವು, ನಮ್ಮ ರೈತರು ಕುದುರೆಮಸಾಲೆ ಎನ್ನುವ ಲೂಸರ್ನ್ ಸೊಪ್ಪು, ಡ್ಯಾಂಡೆಲಿಯನ್ ಗಿಡದ ಎಲೆ ಮತ್ತು ಹಳದಿ ಹೂ, ಇವೇ ಅದರ ನಿತ್ಯಾನ್ನ. ಬೇಸಗೆಯಲ್ಲಿ ತೋಟಗಳು ತುಂಬಿದಾಗ ಬಟಾಣಿ, ಹುರುಳಿಕಾಯಿ, ಕೋಸು, ಗಜ್ಜರಿಯ ಸೊಪ್ಪು ಇವೆಲ್ಲ ಮೃಷ್ಟಾನ್ನ. ಮರದಿಂದ ಬಿದ್ದ ಸೇಬು ಸಿಕ್ಕಿದರೆ ಪಾಯಸ. ಎಲ್ಲಿಯೋ ಒಮ್ಮೊಮ್ಮೆ ಹುಳು, ಬಸವನಹುಳು, ಹಕ್ಕಿಯ ಮೊಟ್ಟೆಯನ್ನು ಮುಟ್ಟುವುದುಂಟಾದರೂ ಒಟ್ಟಿನಲ್ಲಿ ಇದನ್ನು ಶಾಕಾಹಾರಿಯೆಂದೇ ಹೇಳಬೇಕು. ನೀರನ್ನು ಕುಡಿಯುವುದು ಅಪರೂಪ. ಎಲೆಯ ರಸ, ಹುಲ್ಲಿನ ಮೇಲಣ ಇಬ್ಬನಿ, ಇವುಗಳಿಂದಲೇ ಅದರ ದಾಹವು ಬಹುಮಟ್ಟಿಗೆ ತೀರುತ್ತದೆ.

ದಿನಕ್ಕೆ ಅರ್ಧ ಕಿಲೋಗ್ರಾಮಿಗೂ ಮಿಕ್ಕು ಸೊಪ್ಪನ್ನು ಅದು ತಿಂದು ಮುಗಿಸಬಲ್ಲದು. ಅದರ ಮುಂಬಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ವಾರಕ್ಕೆ ಸುಮಾರು ಒಂದೂವರೆ ಮಿಲಿಮೀಟರು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಉಜ್ಜಿ ಸವೆಯುತ್ತಿದ್ದರೆ ಕ್ಷೇಮ. ಹಲ್ಲು ಓರೆಯಾಗಿ ಒಂದಕ್ಕೊಂದು ತಾಗದೆ ಹೋದರೆ, ಬೆಳೆದ ಹಲ್ಲೇ ಬಾಯನ್ನು ಮುಚ್ಚಲೀಯದೆ ಆ ಪ್ರಾಣಿಯನ್ನು ಉಪವಾಸ ಕೆಡವಿ ಕೊಲ್ಲುವುದುಂಟು.

ಇದರ ಮನೆಯನ್ನು ನೋಡಿದರೆ ಗೃಹಿಣಿಯರೂ ತಲೆದೂಗುವರು. ಹೊಲದ ಅಂಚಿನಲ್ಲಿ, ಬೇಲಿಯ ಬುಡದಲ್ಲಿ, ಕಲ್ಲುಗೋಡೆಯ ಮಗ್ಗುಲಲ್ಲಿ ಬಿಲವನ್ನು ತೋಡುತ್ತದೆ. ಆಳ ನಾಲ್ಕೈದು ಅಡಿ. ಉದ್ದ ಎಷ್ಟೋ ವೇಳೆ ಇಪ್ಪತ್ತು ಮೂವತ್ತು ಅಡಿ. ಹೆಬ್ಬಾಗಿಲಿನ ಮುಂದೆ ತೋಡಿದ ಮಣ್ಣಿನ ಗುಡ್ಡೆಯಿರುತ್ತದೆ. ಅದನ್ನೇ ಜಗುಲಿ ಮಾಡಿಕೊಂಡು ಬಿಸಿಲು ಕಾಯಿಸುತ್ತದೆ. ಇದಲ್ಲದೆ ಗುಪ್ತದ್ವಾರಗಳುಂಟು. ಇವನ್ನು ಒಳಗಿನಿಂದ ಮೇಲಕ್ಕೆ ತೋಡುವುದರಿಂದ ಹೊರಗೆ ಹಿಡಿ ಮಣ್ಣೂ ಕಾಣಿಸುವುದಿಲ್ಲ. ಹುಲ್ಲಿನ ನಡುವೆ ಕಣ್ಣಿಗೆ ಬೀಳದ ರಂಧ್ರ, ಅಪಾಯ ಬಂದಾಗ ಧುಮುಕುವುದಕ್ಕೆ. ಒಳಗೆ ಒಣಹುಲ್ಲು ಹಾಸಿದ ಮಲಗುವ ಕೋಣೆಯೊಂದು, ಮಲವಿಸರ್ಜನೆಗೆ ಬೇರೆಯ ಕೋಣೆಯೊಂದು. ಉಗ್ರಾಣವೆಂಬುದು ಮಾತ್ರ ಇಲ್ಲ. ಏತಕ್ಕೆ ಇಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಬೆಳಗಿನ ಹೊತ್ತು ಮತ್ತು ಸಾಯಂಕಾಲಕ್ಕೆ ಮುಂಚೆ ಮೇಯುವುದು, ನಡುಹಗಲಲ್ಲಿ ವಿಶ್ರಮಿಸುವುದು ಇದರ ದಿನಚರಿ. ಮೇಯುವಾಗ ಬಿಲದಿಂದ ಬಹುದೂರ ಹೋಗದು. ನಾಲ್ಕು ತುತ್ತಿಗೊಮ್ಮೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಸುತ್ತಲೂ ನೋಡುತ್ತದೆ. ನರಿ, ಕಯೋಟಿ ಎಂಬ ಕಾಡುನಾಯಿ, ಸಾಕುನಾಯಿ, ದೊಡ್ಡ ಗಿಡುಗ ಇವು ಇದರ ಶತ್ರುಗಳು. ಶತ್ರುವನ್ನು ಕಂಡೊಡನೆ ತೀಕ್ಷ್ಣವಾಗಿ ಸಿಳ್ಳುಹಾಕಿ ಬಿಲಕ್ಕೆ ಹಾರುವುದರಿಂದ ಕೆಲವು ಸೀಮೆಗಳಲ್ಲಿ ಇದನ್ನು ಸಿಳ್ಳಿನ ಹಂದಿ ಎಂದೂ ಕರೆಯುವರು. ಸಂದರ್ಭ ಬಂದರೆ ಮರವನ್ನೂ ಹತ್ತಬಲ್ಲದು, ನೀರಿನಲ್ಲಿ ಈಜಲೂ ಬಲ್ಲದು. ಆದರೆ ಸಂಗವನ್ನು ಬಯಸದು. ಒಂದು ಬಿಲಕ್ಕೆ ಒಂದೇ ಜೀವ, ತಾಯಿಮರಿಗಳ ಹೊರತು.

ಈಗ ಉಗ್ರಾಣದ ಮಾತು. ಅಳಿಲು ಕಾಯಿಬೀಜಗಳನ್ನು ಹುಗಿದಿಡುವುದು, ಇರುವೆ ಕಾಳನ್ನು ಕೂಡಿಡುವುದು. ವುಡ್‌ಚಕ್ ಏನನ್ನೂ ಕೂಡಿಡುವುದಿಲ್ಲ. ಅದರ ಉಗ್ರಾಣವು ಅದರ ಮೈಯೇ. ಬೇಸಗೆಯ ಕೊನೆಯಲ್ಲಿ ಅದು ತಿನ್ನುವ ರಭಸವನ್ನು ಕಂಡು ಹೊಟ್ಟೆಬಾಕನೆನ್ನುವವರು, ಅದು ಆರು ತಿಂಗಳ ಸಂಸಾರದ ಸಾಮಾನನ್ನು ತುಂಬಿಕೊಳ್ಳುತ್ತಿದೆಯೆಂಬುದನ್ನು ಅರಿಯರು. ಅಕ್ಟೋಬರ್ ತಿಂಗಳ ಚಳಿಗೆ ಅದು ಬಿಲದೊಳಗೆ ಸೇರಿ, ಕೋಣೆಯ ಬಾಯಿಗೆ ಮಣ್ಣನ್ನು ಮೆತ್ತಿ, ಉಂಡೆಯಾಗಿ ಸುತ್ತಿಕೊಂಡು ಮಲಗಿಬಿಡುತ್ತದೆ.

ಇದನ್ನು ನಿದ್ರೆಯೆನ್ನುವುದು ವಾಡಿಕೆಯಾದರೂ ಇದು ನಿದ್ರೆಯಲ್ಲ. ಕುಂಭಕರ್ಣನು ಗೊರಕೆ ಹೊಡೆಯುತ್ತಿದ್ದನು; ಇದರ ಉಸಿರಿನ ಸುಳಿವೇ ಸಿಕ್ಕದು. ನಿಮಿಷಕ್ಕೆ ಸುಮಾರು ಎಂಬತ್ತು ಸಲ ಬಡಿಯುತ್ತಿದ್ದ ಹೃದಯವು ಐದರಿಂದ ಹತ್ತು ಸಲಕ್ಕೆ ಇಳಿಯುತ್ತದೆ. ನಮ್ಮ ಮೈಯಂತೆಯೇ ೩೭ ಡಿಗ್ರಿ ಸೆಂಟಿಗ್ರೇಡಿನ ಸಮೀಪದಲ್ಲಿದ್ದ ಮೈಶಾಖವು ೧೦ ಡಿಗ್ರಿಗೂ ಕೆಳಕ್ಕೆ ಹೋಗುತ್ತದೆ. ಮುಟ್ಟಿದವರು ಸತ್ತಿತೆಂದೇ ಎಣಿಸಬೇಕು. ಆದರೂ ಒಂದೆರಡು ವಾರಗಳಿಗೊಮ್ಮೆ, ಒಳಗಿನ ಗಡಿಯಾರವೊಂದು ಬಾರಿಸಿದಂತೆ, ಮೈ ಬೆಚ್ಚಗಾಗಿ ಎಚ್ಚರಗೊಂಡು, ಕೆಲವು ಕಾಲ ಇದ್ದು, ಮತ್ತೆ ಮಲಗುತ್ತದೆ. ಹೀಗೆ ಎಚ್ಚರಗೊಳ್ಳುವುದಕ್ಕೇ ಕೊಬ್ಬಿನ ಹೆಚ್ಚಿನ ಪಾಲು ವೆಚ್ಚವಾಗುವುದು. ವಸಂತದಲ್ಲಿ ಹೊರಬರುವ ವೇಳೆಗೆ ಮೈತೂಕದಲ್ಲಿ ಮೂರರಲ್ಲೊಂದು ಪಾಲು, ಕೆಲವು ವೇಳೆ ಇನ್ನೂ ಹೆಚ್ಚು, ಕರಗಿಹೋಗಿರುತ್ತದೆ. ಸಾಕಷ್ಟು ಕೊಬ್ಬು ಕೂಡದೆ ಮಲಗಿದ ಮರಿಯು ಮತ್ತೆ ಏಳದಿರುವುದೂ ಉಂಟು. ಆದಕಾರಣ ಭಾದ್ರಪದದಲ್ಲಿ ತಿಂದ ಒಂದೊಂದು ತುತ್ತೂ ಮಾಘದಲ್ಲಿ ಬಿಡುವ ಒಂದೊಂದು ಉಸಿರು.

ಮಾರ್ಚ್-ಏಪ್ರಿಲ್ ತಿಂಗಳುಗಳು ಸಂಗಮಕಾಲ. ಸುಮಾರು ೩೨ ದಿನಗಳ ಗರ್ಭ. ಒಂದು ಸಲಕ್ಕೆ ಎರಡರಿಂದ ಆರು ಮರಿಗಳು. ಹುಟ್ಟಿದಾಗ ಮರಿಯ ತೂಕ ಸುಮಾರು ೩೦ ಗ್ರಾಂ. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ಕಣ್ಣು ತೆರೆಯಲು ನಾಲ್ಕು ವಾರಗಳು ಬೇಕು. ಬೇಸಗೆಯ ನಡುವಿನಲ್ಲಿ ಅದೇ ಮರಿಯು ತಾಯಿಯನ್ನು ಅಗಲಿ ಹೊರಟು, ತನ್ನ ಬಿಲವನ್ನು ತಾನೇ ತೋಡಿಕೊಳ್ಳಬೇಕು, ತನ್ನ ಕೊಬ್ಬನ್ನು ತಾನೇ ಕೂಡಿಸಿಕೊಳ್ಳಬೇಕು. ಕಾಡಿನಲ್ಲಿ ಆರು ವರ್ಷ ಬದುಕಿದರೆ ಅದು ದೀರ್ಘಾಯುವೇ ಸರಿ.

ಅಮೆರಿಕಾದವರು ಈ ಪ್ರಾಣಿಯನ್ನು ಜೋಯಿಸನನ್ನಾಗಿಯೂ ಮಾಡಿಕೊಂಡಿರುವರು. ಫೆಬ್ರವರಿ ೨ನೆಯ ದಿನ ಇದು ಬಿಲದಿಂದ ಹೊರಬಂದು ತನ್ನ ನೆರಳನ್ನು ಕಂಡರೆ ಇನ್ನೂ ಆರು ವಾರ ಚಳಿ, ಕಾಣದಿದ್ದರೆ ವಸಂತವು ಬೇಗ ಬರುವುದು ಎಂದು ನಂಬಿಕೆ. ಜರ್ಮನಿಯಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದವರು ತಮ್ಮೂರಿನಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಗೆ ಕೊಟ್ಟಿದ್ದ ಈ ಉದ್ಯೋಗವನ್ನು ಹೊಸ ನಾಡಿನಲ್ಲಿ ಇದಕ್ಕೆ ವಹಿಸಿದರು. ಪಂಕ್ಸುಟಾನಿ ಎಂಬ ಊರಿನಲ್ಲಿ ೧೮೮೭ರಿಂದ ಈ ದಿನವನ್ನು ಜಾತ್ರೆಯಂತೆ ಆಚರಿಸುತ್ತಿರುವರು. ಅಲ್ಲಿಯ ಹವಾಮಾನದ ಇಲಾಖೆಯವರು ಲೆಕ್ಕಹಾಕಿ ನೋಡಿದಾಗ ಜೋಯಿಸನ ಮಾತು ಹತ್ತರಲ್ಲಿ ನಾಲ್ಕು ಸಲದಷ್ಟೂ ನಿಜವಾಗಿಲ್ಲವಂತೆ. ಆದರೆ ಫೆಬ್ರವರಿಯಲ್ಲಿ ಅದು ಹೊರಬರುವುದು ಸುಳ್ಳಲ್ಲ. ಆ ತಿಂಗಳಿನಲ್ಲಿ ಗಂಡುಗಳು ಎದ್ದು, ನೆರೆಯ ಹೆಣ್ಣುಗಳ ಬಿಲಗಳನ್ನು ಸುತ್ತಿ ಪರಿಚಯಮಾಡಿಕೊಂಡು, ಮತ್ತೆ ಹೋಗಿ ಮಲಗುವುವೆಂದು ಪೆನ್ಸಿಲ್ವೇನಿಯಾದ ವಿದ್ವಾಂಸರು ಕಂಡುಕೊಂಡಿರುವರು. ಅದು ಬರುವುದು ನೆರಳನ್ನು ನೋಡಲಲ್ಲ, ವಧುವನ್ನು ನೋಡಲು.

ಇಷ್ಟು ವಿನೋದದ ಪ್ರಾಣಿಯಾದರೂ ರೈತನ ಕಣ್ಣಿಗೆ ಇದು ಶತ್ರು. ಅದಕ್ಕೆ ಕಾರಣವೂ ಇದೆ. ಒಂದು ರಾತ್ರಿ ಕಳೆದು ಬೆಳಗಾಗಿ ಅದು ಹೊಟ್ಟೆತುಂಬ ಮೇಯುವಷ್ಟರಲ್ಲಿ ಎಳೆಯ ಹುರುಳಿಯ ಸಾಲೊಂದು ಮೋಟಾಗಿರುತ್ತದೆ. ಬಿಲದ ಬಾಯಲ್ಲಿ ಕುದುರೆಯ ಕಾಲು ಸಿಕ್ಕಿ ಮುರಿಯುವ ಭಯ ಬೇರೆ. ೧೮೮೩ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಶಾಸನಸಭೆಯು ಇದರ ವಿಚಾರಣೆಗೆಂದೇ ಒಂದು ಸಮಿತಿಯನ್ನು ನೇಮಿಸಿತು. ಈ ಪ್ರಾಣಿಯಲ್ಲಿ ಗಮನಿಸತಕ್ಕ ಗುಣವು ಒಂದೂ ಇಲ್ಲವೆಂದು ಸಮಿತಿಯವರು ವರದಿಯನ್ನು ಬರೆದರು. ಕೊಂದವರಿಗೆ ತಲೆಗೆ ಹತ್ತು ಸೆಂಟಿನಂತೆ ಬಹುಮಾನವೂ ಗೊತ್ತಾಯಿತು. ಆ ವರದಿಯ ಸಂಗತಿಯನ್ನು ಓದಿದಾಗ ನಮಗೆ ನಗು ಬಂದಿತು. ಮರುಕ್ಷಣವೇ ನಮ್ಮ ತರಗತಿಯ ನೆನಪಾಗಿ ನಗುವು ನಿಂತಿತು. ನೋಡದೆ ತೀರ್ಪು ಹೇಳಿದವರು ಅವರು ಮಾತ್ರವೇ?

ಅದೇ ವಿಷಯದಲ್ಲಿ ಇನ್ನೊಬ್ಬರ ನಡತೆಯನ್ನೂ ಹೇಳಬೇಕು. ಮ್ಯಾಸಚೂಸೆಟ್ಸಿನ ಕಾನ್‌ಕಾರ್ಡ್ ಎಂಬ ಊರಿನ ಹೆನ್ರಿ ಡೇವಿಡ್ ಥೋರೋ ೧೮೪೫ರಲ್ಲಿ ವಾಲ್ಡನ್ ಎಂಬ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡು, ಸುಮಾರು ಎರಡೂವರೆ ಎಕರೆಯಲ್ಲಿ ಹುರುಳಿಯನ್ನು ಬಿತ್ತಿದನು. ಭಗವದ್ಗೀತೆಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಅದನ್ನು ಕೊಂಡಾಡಿದ ಮಹನೀಯನೀತನು. ವುಡ್‌ಚಕ್ಕುಗಳು ಆತನ ಬೆಳೆಯಲ್ಲಿ ಕಾಲು ಎಕರೆಯನ್ನು ಬೋಳುಮಾಡಿದುವು. ಥೋರೋವಿಗೂ ಕೋಪ ಬಂದಿತು. ಒಂದನ್ನು ಕೊಂದು ತಿಂದೂ ಬಿಟ್ಟನೆಂದು ತಾನೇ ಮುಚ್ಚುಮರೆಯಿಲ್ಲದೆ ೧೮೫೪ರ ತನ್ನ ಗ್ರಂಥದಲ್ಲಿ ಬರೆದಿರುವನು. ಆದರೆ ಆತನು ಅಲ್ಲಿಗೇ ನಿಲ್ಲಲಿಲ್ಲ. ಈ ನೆಲದಲ್ಲಿ ಮೊದಲೇ ಬೆಳೆದಿದ್ದ ಗಿಡಗಳನ್ನು ಕಿತ್ತು, ಆ ಪ್ರಾಣಿಯ ಹಳೆಯ ಮೇವುದಾಣವನ್ನು ಕೆಡಿಸಲು ತನಗೆ ಏನು ಅಧಿಕಾರವೆಂದು ತನ್ನನ್ನೇ ಕೇಳಿಕೊಂಡನು. ಈ ಪ್ರಶ್ನೆಯನ್ನು ಸಮಿತಿಯವರು ಕೇಳಿಕೊಳ್ಳಲಿಲ್ಲ. ವಾಸ್ತವವೇನೆಂದರೆ, ದಟ್ಟವಾದ ಕಾಡನ್ನು ಕಡಿದು ಮನುಷ್ಯನು ಹೊಲಮಾಡಿದ ಮೇಲೆ ಕಾಡಿನಂಚು, ಬಯಲು, ಮೇವು ಹೆಚ್ಚಿ ಈ ಪ್ರಾಣಿಯೂ ಹೆಚ್ಚಿತು. ಔತಣದ ಎಲೆಯನ್ನು ಹಾಸಿದವರು ನಾವೇ. ಅತಿಥಿಯು ಬಂದನೆಂದು ಸಿಡುಕುವವರೂ ನಾವೇ.

ಇನ್ನು ಇದರಿಂದಾಗುವ ಪ್ರಯೋಜನಗಳು. ಇದು ಬಿಟ್ಟುಹೋದ ಬಿಲಗಳಲ್ಲಿ ಮೊಲ, ನರಿ ಮೊದಲಾದ ಎಷ್ಟೋ ಜೀವಿಗಳು ಮನೆಮಾಡುವುವು. ತೋಡಿದ ಮಣ್ಣು ಮೇಲುಕೆಳಗಾಗಿ ನೆಲಕ್ಕೆ ಗಾಳಿಯಾಡುವುದು. ಇದಕ್ಕಿಂತ ದೊಡ್ಡ ಉಪಕಾರವು ವೈದ್ಯಶಾಸ್ತ್ರಕ್ಕೆ ಆಯಿತು. ಫಿಲಡೆಲ್ಫಿಯಾದ ಮೃಗಾಲಯದ ವುಡ್‌ಚಕ್ಕುಗಳಲ್ಲಿ ಯಕೃತ್ತಿನ ರೋಗವನ್ನು ಉಂಟುಮಾಡುವ ವೈರಸೊಂದು ಕಂಡುಬಂದುದಾಗಿ ೧೯೭೮ರಲ್ಲಿ ಪ್ರಕಟವಾಯಿತು. ಮನುಷ್ಯರನ್ನು ಪೀಡಿಸುವ ಹೆಪಟೈಟಿಸ್ ಬಿ ವೈರಸಿಗೆ ಇದು ಹತ್ತಿರದ ನಂಟು. ಆದುದರಿಂದ ಆ ರೋಗದ ಔಷಧಗಳನ್ನು ಪರೀಕ್ಷಿಸಲು ಈ ಪ್ರಾಣಿಯು ಬಹಳವಾಗಿ ಒದಗಿತು. ನೊಬೆಲ್ ಪಾರಿತೋಷಕ ಪಡೆದಿದ್ದ ಬ್ಲೂಂಬರ್ಗ್ ಅವರೂ ಸಂಗಡಿಗರೂ ೧೯೮೭ರಲ್ಲಿ, ನಮ್ಮ ಹಿತ್ತಿಲಿನಲ್ಲಿ ಬೆಳೆಯುವ ನೆಲನೆಲ್ಲಿಯ ಸಾರವನ್ನು ಈ ಪ್ರಾಣಿಗಳ ಮೇಲೆ ಪ್ರಯೋಗಿಸಿ ಕೆಲವು ಸತ್ಫಲಗಳನ್ನು ಕಂಡರು. ಕಾಮಾಲೆಗೆ ನಮ್ಮ ಹಿರಿಯರು ಕೊಡುತ್ತಿದ್ದ ಭೂಮ್ಯಾಮಲಕಿಯೇ ಇದು. ಮುಂದೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಆ ಫಲವು ಸ್ಥಿರಪಡಲಿಲ್ಲವೆಂಬುದನ್ನೂ ಹೇಳದಿದ್ದರೆ ನಾವು ಮತ್ತೆ ಅರೆಸತ್ಯವನ್ನು ಹೇಳಿದಂತಾದೀತು. ಹುಟ್ಟಿದ ಮಗುವಿಗೆ ಮೊದಲನೆಯ ದಿನವೇ ಹಾಕಿಸುವ ಲಸಿಕೆಯೇ ಈ ರೋಗಕ್ಕೆ ತಕ್ಕ ರಕ್ಷೆಯೆಂದು ಮನೆಯವರು ನೆನಪಿಡಬೇಕು.

ಹಾಗೆಂದು ರೈತನು ತನ್ನ ಬೆಳೆಯನ್ನು ಬಿಟ್ಟುಕೊಡಬೇಕೆಂದು ನಾವು ಹೇಳುವುದಿಲ್ಲ. ಪ್ರಾಣಿಯ ನಡತೆಯನ್ನು ಬಲ್ಲವನಿಗೆ ಉಪಾಯವೂ ತೋರುತ್ತದೆ. ಅದು ತೋಡುವುದೂ ಹತ್ತುವುದೂ ಉಂಟಾದ್ದರಿಂದ, ತಂತಿಬಲೆಯ ಬೇಲಿಯನ್ನು ಮೂರಡಿಗೆ ಕಡಮೆಯಿಲ್ಲದೆ ನಿಲ್ಲಿಸಿ, ಕೆಳಗಿನ ಒಂದಡಿಯನ್ನು ಹೊರಮುಖವಾಗಿ ಬಾಗಿಸಿ ಮಣ್ಣಿನಲ್ಲಿ ಹುಗಿದು, ಮೇಲಂಚನ್ನು ಬಿಗಿಯದೆ ಸಡಿಲ ಬಿಡುವರು. ತೋಡಿದರೆ ತಂತಿ ಅಡ್ಡ. ಹತ್ತಿದರೆ ಬೇಲಿಯೇ ಓಲಾಡಿ ಹಿಂದಕ್ಕೆ ಕಳುಹುವುದು. ಕೊಂದು ಗಳಿಸುವ ಹತ್ತು ಸೆಂಟಿಗಿಂತ, ತಿಳಿದು ಕಟ್ಟಿದ ಈ ಬೇಲಿಯು ಮೇಲು.

ಆ ಬಾಲಕನು ಈಗ ಮಕ್ಕಳೊಂದಿಗನಾಗಿರಬಹುದು. ಎಂದಾದರೊಂದು ದಿನ ಅವನ ಮಗುವು ಆ ನಾಲಗೆ ತೊಡರಿಸುವ ವಾಕ್ಯವನ್ನೇ ಮನೆಯಲ್ಲಿ ಒಪ್ಪಿಸಿ, ಆ ಪ್ರಶ್ನೆಯನ್ನೇ ಕೇಳಬಹುದು. ಈ ಪತ್ರಿಕೆಯು ಆ ಮನೆಗೂ ಹೋಗುತ್ತಿದ್ದರೆ, ಅಯ್ಯಾ, ನಿನ್ನ ಮೇಷ್ಟರ ಉತ್ತರವನ್ನು ತಿದ್ದಿಕೊ: ಅದು ಹುಲ್ಲನ್ನು ತಿನ್ನುತ್ತದೆ, ಸೊಪ್ಪನ್ನು ತಿನ್ನುತ್ತದೆ, ನಮ್ಮ ಹುರುಳಿಯನ್ನೂ ತಿನ್ನುತ್ತದೆ. ಮರವನ್ನು, ಬೇರೇನೂ ಸಿಕ್ಕದಿದ್ದಾಗ ಮಾತ್ರ.